ಮೇಸ್ತ್ರಿ ಹೇಳಿದ ಮೂರನೇ ದಂಡೆ

ನನ್ನ ಚಿಕ್ಕಮ್ಮ ಟೈಲರ್. ಮೆಟ್ಟಿಲ ಕೆಳಗಿನ ಪುಟ್ಟ ಕೋಣೆಯೇ ಅವಳ ಅಂಗಡಿ. ಒಬ್ಬರು ಒಳಗೆ ಬಂದರೆ ಇನ್ನೊಬ್ಬರು ಹೊರಗೆ ಹೋಗಬೇಕು, ಅಷ್ಟೇ ಜಾಗ. ಶಾಲೆಯ ಯೂನಿಫಾರಂ, ಲಾಡ್ಜಿನ ಪರದೆ, ತಲೆದಿಂಬಿನ ಗವಸು, ಎಲ್ಲವೂ ಅಲ್ಲಿಂದಲೇ. ಮದುವೆ ಯಾಕಾಗಲಿಲ್ಲ ಎಂದು ಯಾರಾದರೂ ಕೆದಕಿದರೆ, "ಊರಿನವರದೆಲ್ಲಾ ಅಳತೆ ತಗೊಂಡೆ, ನನ್ನ ಅಳತೆಗೆ ಮಾತ್ರ ಒಬ್ರೂ ಸಿಗಲಿಲ್ಲ" ಎಂದು ನಕ್ಕುಬಿಡುತ್ತಿದ್ದಳು. ನಾನು ಅವಳ ಅಕ್ಕನ ಮಗಳು. ಔಷಧಿ ಅಂಗಡಿಯಲ್ಲಿ ಕೆಲಸ ಸಿಕ್ಕಿದ ಮೇಲೆ ಅವಳ ಜೊತೆಗೇ ಇದ್ದೇನೆ.

ಸಂಜೆ ಮಷಿನ್ನಿಗೆ ಬಟ್ಟೆ ಹೊದಿಸಿದವಳೇ ಅವಳು ಐಸ್ ಫ್ಯಾಕ್ಟರಿಯ ಹಿಂದಿನ ಸಮುದ್ರದಂಡೆಗೆ ಹೋಗುತ್ತಿದ್ದಳು. ಫ್ಯಾಕ್ಟರಿಯ ಗೋಡೆ ಅಡ್ಡವಿರುವುದರಿಂದ ಅಲ್ಲೊಂದು ದಂಡೆಯಿದೆ ಎಂದು ಹೊರಗಿನವರಿಗೆ ಗೊತ್ತೇ ಆಗುವುದಿಲ್ಲ. ದಿನವಿಡೀ ಬಗ್ಗಿಸಿದ ಬೆನ್ನನ್ನು ನೆಟ್ಟಗೆ ಮಾಡಿಕೊಂಡು, ಚಪ್ಪಲಿ ಕೈಯಲ್ಲಿ ಹಿಡಿದು ನಡೆಯುವಾಗ ಅವಳು ಬೇರೆಯೇ ಹೆಂಗಸಿನಂತೆ ಕಾಣುತ್ತಿದ್ದಳು.

ಅಲ್ಲಿಗೆ ಬರುತ್ತಿದ್ದ ಇನ್ನೊಬ್ಬರೆಂದರೆ ಮೇಸ್ತ್ರಿ. ದೋಣಿಗಳ ಎಂಜಿನ್ ರಿಪೇರಿ ಮಾಡಿ ಮಾಡಿ ಅವರ ಕಿವಿ ಹೋಗಿತ್ತು. ಹೆಂಡತಿ ತೀರಿಕೊಂಡು ಬಹಳ ಕಾಲವಾಗಿತ್ತು. ಎದುರು ನಿಂತು ನಿಧಾನವಾಗಿ ಮಾತಾಡಿದರೆ ತುಟಿ ನೋಡಿ ಅರ್ಥ ಮಾಡಿಕೊಳ್ಳುತ್ತಿದ್ದರು. ಮೊದಲ ಸಲ ಅವರೇ ಚಿಕ್ಕಮ್ಮನನ್ನು ತಡೆದು ಕೇಳಿದ್ದು:

"ಟೈಲರಮ್ಮ, ಇವತ್ತು ಸಮುದ್ರ ಏನಂತಿದೆ?"

ಅವಳು ಒಂದು ಗಳಿಗೆ ಪೆಚ್ಚಾದಳು. ಆಮೇಲೆ ಅಂದಳು, "ಗೊರಕೆ ಹೊಡೀತಿದೆ."

ಮೇಸ್ತ್ರಿ ಹೊಟ್ಟೆ ಹಿಡಿದುಕೊಂಡು ನಕ್ಕರು. ಅಲ್ಲಿಂದ ಅದೇ ಅಭ್ಯಾಸವಾಯಿತು. ಒಂದು ದಿನ ಸಮುದ್ರ ಅತ್ತೆಯ ಹಾಗೆ ಗೊಣಗುತ್ತಿತ್ತು, ಇನ್ನೊಂದು ದಿನ ರೇಷ್ಮೆ ಹರಿದ ಹಾಗೆ ಸದ್ದು ಮಾಡುತ್ತಿತ್ತು. ಹೊಲಿಯುತ್ತ ಕೂತಾಗಲೂ ಅವಳು ಸಂಜೆ ಹೇಳಬೇಕಾದ ಮಾತನ್ನು ಹುಡುಕುತ್ತಿದ್ದಳೆಂದು ನನಗೆ ಗೊತ್ತು. ಸೂಜಿ ನಿಂತುಬಿಡುತ್ತಿತ್ತು, ತುಟಿಯಲ್ಲೇ ನಗು ಇರುತ್ತಿತ್ತು. ಅಕ್ಕಪಕ್ಕದವರು ಪಿಸುಗುಟ್ಟಿದರು. "ಊರ ಬಾಯಿಗೆ ಹೊಲಿಗೆ ಹಾಕೋಕಾಗುತ್ತಾ?" ಎಂದಳೇ ಹೊರತು ಅವಳು ತಲೆಗೆ ಹಚ್ಚಿಕೊಳ್ಳಲಿಲ್ಲ.

ಮೇಸ್ತ್ರಿಗೆ ಇಷ್ಟವಾದ ದಂಡೆಗಳು ಮೂರು. ಒಂದು ಇದೇ. ಎರಡನೆಯದು ದೀಪಸ್ತಂಭದ ಕೆಳಗಿನ ಕಪ್ಪು ಬಂಡೆಗಳ ದಂಡೆ. ಅಲ್ಲಿಗೆ ಇಬ್ಬರೂ ಕೆಲವು ಭಾನುವಾರ ಹೋಗಿದ್ದರು. ಮೂರನೆಯದು ಹೊಳೆ ಸಮುದ್ರ ಸೇರುವಲ್ಲಿ, ಆಚೆ ದಡದಲ್ಲಿ. ದೋಣಿಯಲ್ಲಿ ದಾಟಬೇಕು.

"ಅಲ್ಲಿ ಹಿಮ್ಮಡಿ ಊರಿ ನಡೆದ್ರೆ ಮರಳು ಕುಂಯ್ ಅನ್ನುತ್ತೆ, ಟೈಲರಮ್ಮ. ಹುಡುಗನಾಗಿದ್ದಾಗ ಕೇಳಿದ್ದು."

"ಬಿಡಿ ಮೇಸ್ತ್ರಿಗಳೇ, ನಿಮ್ಮ ಚಪ್ಪಲಿ ಕೂಗಿರಬೇಕು."

"ಆಗ ಚಪ್ಪಲಿ ಎಲ್ಲಿತ್ತು ನನ್ನ ಹತ್ರ!"

ಮಳೆಗಾಲದ ಅಬ್ಬರ ಇಳಿದು ದೋಣಿ ಶುರುವಾದ ಕೂಡಲೇ ಹೋಗೋಣ ಎಂದು ಮಾತಾಯಿತು. ಆದರೆ ಅಷ್ಟರಲ್ಲಿ ಮೇಸ್ತ್ರಿ ರಸ್ತೆಯಲ್ಲಿ ನಡೆಯುವಾಗ ಹಿಂದಿನಿಂದ ಬಂದ ಲಾರಿಯ ಹಾರ್ನ್ ಅವರಿಗೆ ಕೇಳಲಿಲ್ಲ. ಕೂದಲೆಳೆಯ ಅಂತರದಲ್ಲಿ ಬಚಾವಾದರು. ಸುದ್ದಿ ಮುಟ್ಟಿ, ದೂರದ ಒಳನಾಡಿನ ಪಟ್ಟಣದಲ್ಲಿದ್ದ ಮಗಳು ಓಡಿಬಂದಳು. ಅಪ್ಪನನ್ನು ಒಬ್ಬರನ್ನೇ ಬಿಡುವುದಿಲ್ಲ, ತನ್ನ ಮನೆಗೇ ಕರೆದೊಯ್ಯುತ್ತೇನೆ ಎಂದು ಹಟ ಹಿಡಿದಳು. ಅವಳ ಮಾತು ಸರಿಯಾಗಿಯೇ ಇತ್ತು. ಅದಕ್ಕೇ ಯಾರೂ ಎದುರಾಡಲಿಲ್ಲ.

ಬಸ್ ಸ್ಟ್ಯಾಂಡಿಗೆ ನಾನೂ ಚಿಕ್ಕಮ್ಮನೂ ಹೋಗಿದ್ದೆವು. "ನೀವು ಹೋಗಿ ನೋಡ್ಕೊಂಡು ಬನ್ನಿ. ಮರಳು ಕೂಗುತ್ತೋ ಇಲ್ವೋ ನನಗೆ ಹೇಳಬೇಕು," ಎಂದರು ಮೇಸ್ತ್ರಿ. ಅವಳು ತಲೆಯಾಡಿಸಿದಳು. ಅವರು ತಿರುಗಿ, ಕಂಬಿ ಹಿಡಿದು ಬಸ್ಸಿನ ಮೆಟ್ಟಿಲು ಹತ್ತಿದರು. ಆ ಬೆನ್ನಿಗೆ ಚಿಕ್ಕಮ್ಮ ಅಂದಳು:

"ಹೋಗಬೇಡಿ."

ಗಟ್ಟಿಯಾಗಿಯೇ ಅಂದಳು. ಕಂಡಕ್ಟರ್ ಕೂಡ ತಿರುಗಿ ನೋಡಿದ. ಮೇಸ್ತ್ರಿ ಸೀಟು ಹುಡುಕಿಕೊಂಡು ಒಳಗೆ ನಡೆದರು.

ಆಮೇಲೆ ಅವಳು ದಂಡೆಯ ಕಡೆ ತಲೆ ಹಾಕಲಿಲ್ಲ. ಕತ್ತಲಾದರೂ ಮಷಿನ್ ತುಳಿಯುತ್ತಿದ್ದಳು. ಲಾಡ್ಜಿನ ಪರದೆಗಳನ್ನು ಗೇಣುದ್ದ ಗಿಡ್ಡ ಹೊಲಿದು, ಮತ್ತೆ ಬಿಚ್ಚಿ ಹೊಲಿದುಕೊಟ್ಟಳು. "ಫೋನಾದ್ರೂ ಮಾಡು" ಎಂದೆ. "ಫೋನಲ್ಲಿ ನನ್ನ ತುಟಿ ಕಾಣುತ್ತೇನೇ?" ಎಂದಳು. ವಿಡಿಯೋದಲ್ಲಿ ಕಾಣುತ್ತದೆ ಎಂದು ನಾನು ಹೇಳಿದ್ದಕ್ಕೆ, ಮಗಳು ಅಳಿಯ ಮೊಮ್ಮಕ್ಕಳೆಲ್ಲ ಸುತ್ತ ನಿಂತಿರುವಾಗ ಸಮುದ್ರ ಗೊರಕೆ ಹೊಡೆಯುತ್ತಿದೆ ಎಂದು ಹೇಗೆ ಹೇಳಲಿ ಎಂದು ಮುಖ ತಿರುಗಿಸಿದಳು.

ದೋಣಿ ಶುರುವಾಯಿತೆಂದು ತಿಳಿದ ದಿನ ತಾನಾಗಿಯೇ ಅಂಗಡಿ ಬಾಗಿಲು ಹಾಕಿದಳು. ಇಬ್ಬರೂ ಹೊಳೆ ದಾಟಿದೆವು. ಉದ್ದದ ಬಿಳಿ ದಂಡೆ. ಏಡಿಗಳ ಹೊರತು ಒಂದು ನರಪಿಳ್ಳೆಯಿಲ್ಲ. ಚಿಕ್ಕಮ್ಮ ಒದ್ದೆ ಮರಳಿನಲ್ಲಿ ನಡೆದಳು. ಏನೂ ಇಲ್ಲ. ಮೇಲೆ, ಬಿಸಿಲಿಗೆ ಒಣಗಿದ ಮರಳಿಗೆ ಬಂದು ಹಿಮ್ಮಡಿ ಊರಿ ಎಳೆದಳು.

ಕುಂಯ್ ಎಂದಿತು.

ಇನ್ನೊಂದು ಹೆಜ್ಜೆ. ಮತ್ತೆ ಕುಂಯ್. ಸೀರೆ ಎತ್ತಿಕಟ್ಟಿಕೊಂಡು ಅಲ್ಲಿಂದಿಲ್ಲಿಗೆ, ಇಲ್ಲಿಂದಲ್ಲಿಗೆ ಓಡಾಡಿ ನಕ್ಕಳು. ನಗುತ್ತಲೇ ಪಕ್ಕಕ್ಕೆ ತಿರುಗಿ ಏನೋ ಹೇಳಲು ಬಾಯಿ ತೆರೆದವಳು ಹಾಗೇ ನಿಂತಳು. ಪಕ್ಕದಲ್ಲಿ ಇದ್ದವಳು ನಾನು. ಅವಳು ಮೆಲ್ಲಗೆ ಮರಳಲ್ಲಿ ಕೂತು ಸೆರಗಿನಿಂದ ಮುಖ ಒರೆಸಿಕೊಂಡಳು.

ಮರುವಾರವೇ ಬಸ್ ಹತ್ತಿದೆವು. ಒಳನಾಡಿನ ಆ ಪಟ್ಟಣದ ಮೂರನೇ ಮಹಡಿಯ ಮನೆ. ಮಗಳು ಅಕ್ಕರೆಯಿಂದ ಒಳಗೆ ಕರೆದು ಊಟಕ್ಕೆ ಎಲ್ಲ ಅಣಿ ಮಾಡಿದಳು. ಮೇಸ್ತ್ರಿ ಮೊದಲಿಗಿಂತ ಬೆಳ್ಳಗಾಗಿದ್ದರು, ಕೈಗಳಲ್ಲಿ ಗ್ರೀಸಿನ ಕಲೆ ಇರಲಿಲ್ಲ. ಚಿಕ್ಕಮ್ಮ ಎದುರು ಕೂತು, ತುಟಿ ಬಿಡಿಸಿ ಹೇಳಿದಳು, "ಮರಳು ಕೂಗುತ್ತೆ."

ಅವರು ಅವಳ ಬಾಯಿಯನ್ನೇ ನೋಡುತ್ತಿದ್ದರು. "ಇನ್ನೊಂದ್ಸಲ ಹೇಳಿ" ಎಂದರು. ಹೇಳಿದಳು. ಅರ್ಥವಾಗದೆ ಕೇಳಿದ್ದಲ್ಲವೆಂದು ನನಗನ್ನಿಸಿತು.

ಊಟವಾದ ಮೇಲೆ ಇಬ್ಬರೂ ತಾರಸಿಯಲ್ಲಿ ನಡೆದರು. ನೀರಿನ ಟ್ಯಾಂಕಿನಿಂದ ಬಟ್ಟೆ ಒಣಹಾಕುವ ಹಗ್ಗದವರೆಗೆ, ಮತ್ತೆ ವಾಪಸ್ಸು. "ಇಲ್ಲಿ ಎಲ್ಲಾ ಇದೆ ಟೈಲರಮ್ಮ. ಮಗಳು ಅಂಗೈಯಲ್ಲಿಟ್ಟು ನೋಡ್ಕೊಳ್ತಾಳೆ. ಆದ್ರೆ ಎಲ್ಲಿ ನಡೆದ್ರೂ ಗೋಡೆ ಬಂದ್ಬಿಡುತ್ತೆ," ಎಂದರು. ಚಿಕ್ಕಮ್ಮ ಅವರ ಅಂಗಿಯ ಸಡಿಲಾದ ಗುಂಡಿಯನ್ನು ನೋಡಿ, ಚೀಲದಿಂದ ಸೂಜಿದಾರ ತೆಗೆದು, ನಿಂತಲ್ಲೇ ಬಿಗಿಯಾಗಿ ಹಾಕಿಕೊಟ್ಟಳು.

ವಾಪಸ್ಸು ಬಂದ ಮರುದಿನ ಬೆಳಿಗ್ಗೆ ಅಂಗಡಿ ಬಾಗಿಲು ತೆಗೆಯುತ್ತ, "ಇನ್ನೊಂದ್ಸಲ ಹೋಗಬೇಕು ಕಣೇ, ಬೇಗ," ಎಂದಳು. ಹೊಳೆಯಾಚೆಯ ದಂಡೆಗೋ, ಆ ತಾರಸಿಗೋ, ನಾನು ಕೇಳಲಿಲ್ಲ.