ತಮ್ಮ ಉಳಿಸಿಕೊಂಡ ಮಾತು

ನನ್ನ ತಮ್ಮನ ಅಂಗಿಯ ಎಡಗಡೆಯ ಕಿಸೆ ಯಾವಾಗಲೂ ಜೋತುಬಿದ್ದಿರುತ್ತಿತ್ತು. ಹೊಸ ಅಂಗಿಯಾದರೂ ತಿಂಗಳೊಳಗೆ ಅದರ ಹೊಲಿಗೆ ಬಿಚ್ಚಿಕೊಳ್ಳುತ್ತಿತ್ತು. ಕರೆಂಟಿನ ಕೆಲಸಕ್ಕೆ ಯಾರ ಮನೆಗೆ ಹೋದರೂ ಮೊದಲು ಆ ಮನೆಯ ಪಿಂಗಾಣಿ ಫ್ಯೂಸನ್ನು ಕಿತ್ತು ಅದೇ ಕಿಸೆಗೆ ಹಾಕಿಕೊಳ್ಳುವುದು ಅವನ ಅಭ್ಯಾಸ. ಕಿಸೆ ಭಾರವಾಗಿದ್ದರೆ ತಂತಿ ಮುಟ್ಟಬಹುದು, ಹಗುರವಾಗಿದ್ದರೆ ಮುಟ್ಟಬಾರದು ಎಂದು ತನಗೆ ತಾನೇ ಮಾಡಿಕೊಂಡ ಕಾನೂನು. ಕೆಲಸ ಮುಗಿದ ಮೇಲೆ ಫ್ಯೂಸು ಹಿಂದೆ ಹಾಕಲು ಮರೆತು ಮನೆಗೆ ತಂದದ್ದೂ ಉಂಟು. ಒಮ್ಮೆ ಸುಳ್ಯದಿಂದ ಒಬ್ಬರು ಫೋನು ಮಾಡಿದ್ದರು. "ಮಾರಾಯ, ನಮ್ಮ ಮನೆಯ ಕರೆಂಟು ನಿನ್ನ ಕಿಸೆಯಲ್ಲಿ ಉಂಟಾ ಅಂತ ಸ್ವಲ್ಪ ನೋಡು."

ಅವನು ಪಂಪು, ಮೋಟಾರು, ವೈರಿಂಗ್ ಎಂದು ಕಡಬ, ಸುಳ್ಯ, ಪುತ್ತೂರು ಎಲ್ಲ ಸುತ್ತುತ್ತಿದ್ದ. ಕೈ ಒಳ್ಳೆಯದು ಎಂದು ಎಲ್ಲರೂ ಹೇಳುತ್ತಿದ್ದರು. ಮಾತನ್ನು ಮಾತ್ರ ಯಾರೂ ನಂಬುತ್ತಿರಲಿಲ್ಲ. ನಾಳೆ ಬೆಳಿಗ್ಗೆ ಬರುತ್ತೇನೆ ಎಂದವನು ಮುಂದಿನ ವಾರ ಮುಖ ತೋರಿಸುತ್ತಿದ್ದ. ಮರೆಯಬಾರದು ಎಂದು ಎಡ ಅಂಗೈಯಲ್ಲಿ ಪೆನ್ನಿನಿಂದ ಬರೆದುಕೊಳ್ಳುತ್ತಿದ್ದ, ಮಧ್ಯಾಹ್ನ ಊಟಕ್ಕೆ ಕೈ ತೊಳೆಯುವಾಗ ಅದೂ ಹೋಗುತ್ತಿತ್ತು. ಚಹಾ ಪುಡಿ ತರಲು ಕಡಬ ಪೇಟೆಗೆ ಕಳಿಸಿದ ಒಂದು ದಿನ ನನಗೆ ನೆನಪಿದೆ. ದಾರಿಯಲ್ಲಿ ಯಾರದ್ದೋ ಜೀಪು ಕೆಟ್ಟು ನಿಂತಿತ್ತಂತೆ. ಅದನ್ನು ಸರಿಮಾಡಿ, ಅದರಲ್ಲಿಯೇ ಕೂತು ಉಪ್ಪಿನಂಗಡಿಗೆ ಹೋಗಿ, ಸಂಜೆ ಹೆಗಲ ಮೇಲೆ ಒಂದು ಹಲಸಿನ ಹಣ್ಣು ಹೊತ್ತುಕೊಂಡು ಬಂದ. ಚಹಾ ಪುಡಿ ಇಲ್ಲ.

"ನಿನ್ನ ಮಂಡೆಯಲ್ಲಿ ಎಂತ ಉಂಟು?" ಎಂದು ನಾನು ಬೈದೆ.

"ಎಲ್ಲ ಉಂಟು ಅಕ್ಕ. ಅದೇ ತೊಂದರೆ" ಎಂದ.

ನಾನು ಆಗ ನಕ್ಕಿದ್ದೆ.

ನನ್ನ ಗಂಡ ತೀರಿಕೊಂಡ ಮೇಲೆ ತಮ್ಮ ನಮ್ಮ ಮನೆಗೇ ಬಂದು ಇದ್ದ. ನಾನು ಏಳನೆಯ ತರಗತಿಗೆ ಶಾಲೆ ಬಿಟ್ಟವಳು, ಅಂದಿನಿಂದ ಬೀಡಿ ಕಟ್ಟುವವಳು. ಅವನು ಮದುವೆಯಾಗಲಿಲ್ಲ. ನನ್ನ ಮಗಳನ್ನು ಅಂಗನವಾಡಿಗೆ ಎತ್ತಿಕೊಂಡು ಹೋದದ್ದು, ಸೈಕಲ್ ಕಲಿಸಿದ್ದು, ಕಾಲೇಜಿಗೆ ಸೇರಿಸಲು ಪುತ್ತೂರಿಗೆ ಹೋದದ್ದು ಎಲ್ಲ ಅವನೇ. ಅವಳಿಗೆ ಅಪ್ಪನ ಮುಖ ಸರಿಯಾಗಿ ನೆನಪಿಲ್ಲ, ಮಾವನೇ ಎಲ್ಲ.

ಒಂದು ಮಧ್ಯಾಹ್ನ ಜಗಲಿಯಲ್ಲಿ ಮೋಟಾರು ಬಿಚ್ಚಿಕೊಂಡು ಕೂತಿದ್ದವನು ಫೋನಿನಲ್ಲಿ ಯಾರೋ ಡಾಕ್ಟರು ಮಾತಾಡುವುದನ್ನು ಕೇಳುತ್ತಿದ್ದ. ಇದ್ದಕ್ಕಿದ್ದ ಹಾಗೆ ಸ್ಪ್ಯಾನರು ಕೆಳಗಿಟ್ಟ. ನೋಡಿದರೆ ಕಣ್ಣಲ್ಲಿ ನೀರು.

"ಅಕ್ಕ, ಇವರು ಹೇಳುದು ನನ್ನದೇ ಕತೆ. ಇದಕ್ಕೊಂದು ಹೆಸರು ಉಂಟಂತೆ. ನಾನು ಉದಾಸೀನದವನು ಅಲ್ಲವಂತೆ."

ಹೆಸರು ಎಡಿಎಚ್‌ಡಿ. ಅದು ಮಕ್ಕಳಿಗೆ ಮಾತ್ರ ಇರುವುದಲ್ಲ, ದೊಡ್ಡವರಲ್ಲೂ ಇರುತ್ತದೆ ಎಂದು ಪುತ್ತೂರಿನ ಡಾಕ್ಟ್ರಮ್ಮ ನಮಗೆ ವಿವರಿಸಿದರು. ಮನಸ್ಸು ಇಲ್ಲದೆ ಅಲ್ಲ, ಮನಸ್ಸನ್ನು ಒಂದು ಕಡೆ ನಿಲ್ಲಿಸಲು ಆಗದೆ ಹೀಗಾಗುವುದು ಎಂದರು. ಅವರು ಮೊದಲು ಬರೆದುಕೊಟ್ಟ ಮಾತ್ರೆ ಒಳ್ಳೆಯ ಕೆಲಸ ಮಾಡಿತು. ಎಷ್ಟೋ ತಿಂಗಳಿಂದ ಜಗಲಿಯ ಮೂಲೆಯಲ್ಲಿ ಬಿದ್ದಿದ್ದ ಮೋಟಾರುಗಳೆಲ್ಲ ಒಂದೊಂದಾಗಿ ತಮ್ಮ ತಮ್ಮ ಮನೆಗೆ ಹೋದವು. "ಮಂಡೆಯೊಳಗೆ ಬಸ್‌ಸ್ಟ್ಯಾಂಡ್ ಇತ್ತು ಅಕ್ಕ. ಈಗ ಎಲ್ಲ ಬಸ್ಸು ಹೋಗಿ ಆಯಿತು" ಎಂದ. ಆದರೆ ಅವನ ಎದೆ ಡವಡವ ಹೊಡೆದುಕೊಳ್ಳಲು ಶುರುವಾಯಿತು. ನಿದ್ದೆ ಇಲ್ಲ, ಊಟ ಬೇಡ. ಮೊದಲೇ ಸ್ವಲ್ಪ ಇದ್ದ ಬಿಪಿ ಮೇಲಕ್ಕೆ ಹೋಯಿತು. ಡಾಕ್ಟ್ರಮ್ಮ ಆ ಮಾತ್ರೆ ನಿಲ್ಲಿಸಿದರು.

ಆ ದಿನ ಅವನು ಅವರ ಮುಂದೆ ಕೈ ಮುಗಿದ ಹಾಗೆ ಕೂತಿದ್ದ. "ಬೇರೆ ದಾರಿ ಎಂತಾದರೂ ಉಂಟಾ ಮೇಡಂ? ಒಮ್ಮೆ ಸರಿಯಾಗಿ ಇದ್ದು ನೋಡಿ ಆಗಿದೆ. ಇನ್ನು ಹಿಂದಿನ ಹಾಗೆ ಇರುದು ಕಷ್ಟ."

ಉಂಟು ಎಂದರು. ಎದೆಯನ್ನು ಹಾಗೆ ಓಡಿಸದ, ಬೇರೆ ಜಾತಿಯ ಒಂದು ಮಾತ್ರೆ. ಅದು ಕೂಡಲೇ ಹಿಡಿಯುವುದಿಲ್ಲ, ಕೆಲವು ವಾರ ತಪ್ಪದೆ ತೆಗೆದುಕೊಳ್ಳಬೇಕು, ತಾಳ್ಮೆ ಬೇಕು, ನಡುವೆ ಬಿಪಿ ನೋಡಿಸಿಕೊಳ್ಳಬೇಕು.

"ತಾಳ್ಮೆ ಇಲ್ಲ ಅಂತಲೇ ಅಲ್ವಾ ಮೇಡಂ ನಿಮ್ಮಲ್ಲಿಗೆ ಬಂದದ್ದು?" ಎಂದ ತಮ್ಮ. ಅವರು ನಕ್ಕುಬಿಟ್ಟರು.

ಮಾತ್ರೆಯೊಂದೇ ಸಾಲದು ಎಂದೂ ಅವರು ಹೇಳಿದರು. ಫ್ಯೂಸು ಕಿಸೆಗೆ ಹಾಕುವ ಅವನ ಉಪಾಯ ಕೇಳಿ, ಇಂಥದ್ದೇ ಇನ್ನೂ ಮಾಡಿಕೊಳ್ಳಿ ಎಂದರು. ಕೆಲಸದ ಹಂತಗಳನ್ನು ಬಾಯಿಬಿಟ್ಟು ಹೇಳಿಕೊಳ್ಳಬೇಕು. ಮಾತ್ರೆ ಕಣ್ಣಿಗೆ ಬೀಳುವಲ್ಲಿಯೇ ಇರಬೇಕು. ಮತ್ತೆ ನನ್ನ ಕಡೆ ತಿರುಗಿ, ಅವರು ಕೆಲಸ ಮಾಡುವಾಗ ಹತ್ತಿರ ಯಾರಾದರೂ ಕೂತು ತಮ್ಮ ಕೆಲಸ ತಾವು ಮಾಡುತ್ತಿದ್ದರೆ ಅದೂ ಒಂದು ಮದ್ದೇ ಎಂದರು. ನನಗೆ ನಂಬಿಕೆ ಬರಲಿಲ್ಲ. ಆದರೆ ಮರುದಿನದಿಂದ ನಾನು ಜಗಲಿಯಲ್ಲಿ ಬೀಡಿ ಕಟ್ಟತೊಡಗಿದೆ, ಅವನು ಎದುರಿಗೆ ಮೋಟಾರಿಗೆ ತಂತಿ ಸುತ್ತತೊಡಗಿದ.

"ನಾನು ಎಂತ ಮಾಡಬೇಕು?" ಎಂದು ಕೇಳಿದೆ.

"ಎಂತದೂ ಬೇಡ. ಕೂತಿದ್ದರೆ ಸಾಕು. ಬೈಯದಿದ್ದರೆ ಇನ್ನೂ ಒಳ್ಳೇದು."

ಆ ಎರಡನೆಯ ಮಾತ್ರೆ ನಿಧಾನವಾಗಿ ಹಿಡಿಯಿತು. ಮೊದಲಿನದರಷ್ಟು ಜೋರಲ್ಲ. ಆದರೆ ಅವನು ಹೇಳಿದ ದಿನ ಹೇಳಿದ ಮನೆಗೆ ಹೋಗತೊಡಗಿದ. ಅಂಗೈಯ ಬರಹ ಕಡಿಮೆಯಾಯಿತು. ನನ್ನ ತಮ್ಮನನ್ನು ನಾನು ಅಷ್ಟು ನೆಮ್ಮದಿಯಲ್ಲಿ ನೋಡಿದ್ದು ಆ ಕೆಲವೇ ತಿಂಗಳು.

ಆಗ ಸವಣೂರಿನಿಂದ ಮಗಳನ್ನು ನೋಡಲು ಬಂದರು. ಒಳ್ಳೆಯ ಸಂಬಂಧ. ಡಾಕ್ಟ್ರಮ್ಮ ಹೇಳಿದ ಹಾಗೆ ಮಾತ್ರೆಯ ಸ್ಟ್ರಿಪ್ಪು ಜಗಲಿಯ ಕಿಟಕಿಯಲ್ಲಿತ್ತು, ಅವನ ಚಹಾದ ಗ್ಲಾಸಿನ ಹತ್ತಿರ. ಹುಡುಗನ ಚಿಕ್ಕಮ್ಮ ಅದನ್ನು ನೋಡಿ, "ಇದು ಯಾರಿಗೆ?" ಎಂದು ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ತಮ್ಮ, "ನನಗೆ, ಮಂಡೆಗೆ" ಎಂದು ನಕ್ಕು ಹೇಳಿದ. ಅವನಿಗೆ ಅದರಲ್ಲಿ ನಾಚಿಕೆಯೇ ಇರಲಿಲ್ಲ. ಬಂದವರು ಚಹಾ ಕುಡಿದು ಹೋದರು. ಮತ್ತೆ ಸುದ್ದಿಯಿಲ್ಲ. ಸಂಬಂಧ ತಂದವರು ಒಂದು ದಿನ ಗೇಟಿನಲ್ಲೇ ನಿಂತು, "ಹುಡುಗಿಯ ಮಾವನಿಗೆ ಮಂಡೆ ಸಮ ಇಲ್ಲ ಅಂತ ಅವರಿಗೆ ಹೆದರಿಕೆ. ಕುಟುಂಬದಲ್ಲೇ ಉಂಟಾ ಅಂತ ಕೇಳ್ತಾರೆ" ಎಂದು ಹೇಳಿ ಹೋದರು.

ಆ ಮಾತು ನನ್ನೊಳಗೆ ಕೂತಿತು. ಒಂದು ಮಾತ್ರೆ ಬಿಟ್ಟು ಇನ್ನೊಂದಕ್ಕೆ ಹೋಗಬಹುದಾದರೆ, ಅದನ್ನೂ ಬಿಟ್ಟು ಏನೂ ಇಲ್ಲದೆ ಇರಲೂ ಆಗಬೇಕಲ್ಲ ಎಂದು ನಾನೇ ಲೆಕ್ಕ ಹಾಕಿದೆ. ಬಾಯಿಮಾತಿನಲ್ಲಿ ಬಿಡು ಎಂದರೆ ಅವನು ಕೇಳುವವನಲ್ಲ. ಹಾಗಾಗಿ ಆ ವರ್ಷ ಕುಟುಂಬದ ದೈವಕ್ಕೆ ತಂಬಿಲದ ಪೂಜೆ ಕೊಡುವ ದಿನದವರೆಗೆ ಕಾದೆ.

ತಂಬಿಲ ಆಯಿತು. ಕುಟುಂಬದ ಯಜಮಾನರು ಎಲ್ಲರ ಪರವಾಗಿ ಪ್ರಾರ್ಥನೆ ಮಾಡಿ ಗಂಧ ಪ್ರಸಾದ ಕೊಡುತ್ತಿದ್ದರು. ತಮ್ಮನ ಸರದಿ ಬಂದಾಗ ನಾನು ಮುಂದೆ ಹೋದೆ. ಎಲ್ಲರಿಗೂ ಕೇಳುವ ಹಾಗೆ ಹೇಳಿದೆ. "ಆ ಮಂಡೆಯ ಮಾತ್ರೆ ಇನ್ನು ಮುಟ್ಟುದಿಲ್ಲ ಅಂತ ಇಲ್ಲಿ ಹೇಳು. ಗಂಧ ಕೈಯಲ್ಲಿ ಇರುವಾಗಲೇ ಹೇಳು."

ಅವನು ನನ್ನ ಮುಖ ನೋಡಿದ. ಯಜಮಾನರೂ ನೋಡಿದರು. "ಇದನ್ನು ಇಲ್ಲಿ ಕೇಳುದು ಬೇಕಾ ಮಾರಾಯ್ತಿ?" ಎಂದರು. ನಾನು ಅಲ್ಲಿಂದ ಅಲುಗಲಿಲ್ಲ. ತಮ್ಮ ಮೆಲ್ಲಗೆ, "ಹುಡುಗಿಯ ಮದುವೆಗೆ ಅಲ್ವಾ ಅಕ್ಕ?" ಎಂದು ಕೇಳಿದ. ಹೌದು ಎಂದೆ. ಅವನು ಗಂಧ ಮುಷ್ಟಿಯಲ್ಲಿ ಹಿಡಿದು ಮಾತು ಕೊಟ್ಟ.

ಮಗಳು ಆ ದಿನ ಬಂದಿರಲಿಲ್ಲ, ಪರೀಕ್ಷೆಯಿತ್ತು. ಮಾವ ಮಾತ್ರೆ ಯಾಕೆ ಬಿಟ್ಟರು ಎಂದು ಕೇಳಿದವಳಿಗೆ, ಅವನಿಗೆ ಗುಣ ಆಯಿತು ಎಂದೆ.

ದೈವದ ಮುಂದೆ ಕೊಟ್ಟ ಮಾತು ಮುರಿದರೆ ಇಡೀ ಕುಟುಂಬಕ್ಕೆ ತಟ್ಟುತ್ತದೆ ಎಂದು ನಮ್ಮ ಕಡೆಯ ನಂಬಿಕೆ. ಜೀವಮಾನವಿಡೀ ಮಾತು ಮರೆತವನು ಅದೊಂದನ್ನು ಮರೆಯಲಿಲ್ಲ. ಮಾತ್ರೆ ಬಿಟ್ಟ. ಮುಂದಿನ ಸಂಬಂಧ ಜಾಲ್ಸೂರಿನ ಕಡೆಯಿಂದ ಬಂತು, ನಮ್ಮಲ್ಲಿ ಯಾರೂ ಯಾವ ಮದ್ದೂ ತೆಗೆದುಕೊಳ್ಳುವುದಿಲ್ಲ ಎಂದು ನಾನು ಎದೆ ತಟ್ಟಿ ಹೇಳಿದೆ. ಮದುವೆ ಚೆನ್ನಾಗಿಯೇ ಆಯಿತು. ಅಪ್ಪನ ಜಾಗದಲ್ಲಿ ಮಾವ ನಿಂತ. ಚಪ್ಪರಕ್ಕೆ ದೀಪದ ಸರ ಕಟ್ಟಿದ್ದೂ ಅವನೇ. ಅರ್ಧ ಚಪ್ಪರಕ್ಕೆ ಕಟ್ಟಿ, ಉಳಿದರ್ಧ ಮರೆತು, ದಿಬ್ಬಣ ಬರುವ ಹೊತ್ತಿಗೆ ಏಣಿಯ ಮೇಲಿದ್ದ. ಎಲ್ಲರೂ ನಕ್ಕರು. ಅವನೂ ನಕ್ಕ.

ಅವನು ಸುಮ್ಮನೆ ಕೂತವನಲ್ಲ. ಬೇರೆ ದಾರಿ ಹುಡುಕುತ್ತಲೇ ಇದ್ದ. ಬೆಳಿಗ್ಗೆ ಕುಮಾರಧಾರೆಯಲ್ಲಿ ಈಜಿ ಬಂದರೆ ಒಂದಷ್ಟು ಹೊತ್ತು ಮನಸ್ಸು ನಿಲ್ಲುತ್ತದೆ ಎಂದು ಈಜಲು ಹೋಗುತ್ತಿದ್ದ. ಫೋನಿನಲ್ಲಿ ಗಂಟೆ ಇಟ್ಟ. ಗಂಟೆ ಹೊಡೆದಾಗ ಯಾಕೆ ಇಟ್ಟದ್ದು ಎಂದು ನನ್ನನ್ನೇ ಕೇಳುತ್ತಿದ್ದ. ಹೆಚ್ಚಾಗಿ ಮೋಟಾರು ಹಿಡಿದುಕೊಂಡು ಜಗಲಿಗೆ ಬಂದು, "ಅಕ್ಕ, ನೀನಾದರೂ ಸ್ವಲ್ಪ ಕೂತುಕೋ" ಎನ್ನುತ್ತಿದ್ದ. ನಾನು ಕೂರುತ್ತಿದ್ದೆ. ಕೆಲವು ದಿನ ಕೂರುತ್ತಿರಲಿಲ್ಲ.

ಒಮ್ಮೆ ಹಾಗೆ ಕೂತಿದ್ದಾಗ, ತಲೆ ಎತ್ತದೆ ಕೇಳಿದ. "ಯಜಮಾನರಲ್ಲಿ ಹೇಳಿ ಆ ಮಾತು ಬಿಡಿಸಿ ಕೊಡುತ್ತೀಯಾ? ತಪ್ಪು ಕಾಣಿಕೆ ಇಟ್ಟರೆ ಬಿಡಿಸಲಿಕ್ಕೆ ಆಗುತ್ತದಂತೆ. ಕೇಳಿದವಳು ನೀನು, ನೀನೇ ಬಂದು ಹೇಳಬೇಕು."

ಆಗುತ್ತದೆ ಎಂದು ನನಗೂ ಗೊತ್ತಿತ್ತು. "ಹೊಸ ಸಂಬಂಧ ಮಾರಾಯ. ಮಗಳಿಗೊಂದು ಮಗು ಆಗಲಿ, ಮತ್ತೆ ನೋಡುವ" ಎಂದೆ.

"ಆಯಿತು" ಎಂದ. ಇನ್ನೊಮ್ಮೆ ಕೇಳಲಿಲ್ಲ.

ಅವನು ತೀರಿಕೊಂಡದ್ದು ಉಪ್ಪಿನಂಗಡಿ ಹತ್ತಿರದ ಒಂದು ಮನೆಯಲ್ಲಿ. ಆ ಮನೆಯ ಹೆಂಗಸು ಅಳುತ್ತಾ ಹೇಳಿದ್ದನ್ನೇ ಬರೆಯುತ್ತೇನೆ. ಫ್ಯೂಸು ಕಿತ್ತು ಕಿಸೆಗೆ ಹಾಕಿಕೊಂಡೇ ಪಂಪಿನ ಕೆಲಸ ಶುರುಮಾಡಿದ್ದ. ನಡುವೆ ಚಹಾಕ್ಕೆ ಕರೆದರು. ಚಹಾ ಕುಡಿದವನು ಫ್ಯೂಸು ಹಿಂದೆ ಹಾಕಿ, ಮೋಟಾರು ಓಡಿಸಿ ಶಬ್ದ ಕೇಳಿದ. ಅದನ್ನು ಸ್ವಿಚ್ಚಿನಲ್ಲಿ ನಿಲ್ಲಿಸಿ ಮನೆಯ ಮುದುಕರೊಡನೆ ಏನೋ ಮಾತಾಡಿ ನಗಿಸಿದ. ಆಮೇಲೆ, "ಒಂದು ಸ್ಕ್ರೂ ಸಡಿಲ ಉಂಟು, ಈಗ ಬಂದೆ" ಎಂದು ಹೋಗಿ, ಫ್ಯೂಸು ಮತ್ತೆ ಕೀಳದೆ ಕೈ ಹಾಕಿದ.

ಹದಿಮೂರನೆಯ ದಿನ ಕಳೆದ ಮೇಲೆ ನಾನು ಪುತ್ತೂರಿಗೆ ಹೋಗಿ ಡಾಕ್ಟ್ರಮ್ಮನ ಮುಂದೆ ಕೂತೆ. ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಬದುಕುತ್ತಿದ್ದನಾ ಎಂದು ಕೇಳಿದೆ. "ಹಾಗೆ ಹೇಳಲು ಯಾರಿಗೂ ಸಾಧ್ಯವಿಲ್ಲಮ್ಮ. ತೆಗೆದುಕೊಳ್ಳುವವರೂ ಮರೆಯುತ್ತಾರೆ. ಯಾವ ತೊಂದರೆಯೂ ಇಲ್ಲದವರೂ ಮರೆಯುತ್ತಾರೆ" ಎಂದರು. ಮತ್ತೆ ಕೇಳಿದರು, "ಆ ಮಾತ್ರೆಯಿಂದ ಅವರಿಗೆ ಅಷ್ಟೊಂದು ಹೊಟ್ಟೆನೋವು ಇತ್ತಾ?"

ಯಾವ ಹೊಟ್ಟೆನೋವು ಎಂದೆ.

"ಹೊಟ್ಟೆಗೆ ಆಗುದಿಲ್ಲ, ಅದಕ್ಕೆ ಬಿಟ್ಟೆ ಅಂತ ಬಂದು ಹೇಳಿದರು. ಬೇರೆ ಬರೆದುಕೊಡುತ್ತೇನೆ ಅಂದೆ. ಅದೂ ಬೇಡ, ಮಾತ್ರೆಯಿಲ್ಲದೆ ಎಂತ ಮಾಡಬಹುದು ಹೇಳಿ ಅಂದರು. ಈಜುವುದು, ಗಂಟೆ ಇಡುವುದು ಎಲ್ಲ ನಾನು ಹೇಳಿದ್ದೇ. ಮನೆಯಲ್ಲಿ ಯಾರಾದರೂ ಬೇಡ ಅನ್ನುತ್ತಾರಾ ಅಂತಲೂ ಕೇಳಿದ್ದೆ. ಇಲ್ಲ ಮೇಡಂ, ಅಕ್ಕ ದಿನಾ ನನ್ನ ಹತ್ತಿರ ಕೂರುತ್ತಾಳೆ ಅಂದರು."

ಬಸ್ಸಿನಲ್ಲಿ ಹೇಗೆ ಹಿಂದೆ ಬಂದೆನೋ ನನಗೆ ಗೊತ್ತಿಲ್ಲ.

ಸೂತಕದ ವರ್ಷ ಕಳೆದು ಈ ಸಲ ತಂಬಿಲ ಆಯಿತು. ಮಗಳು, ಅಳಿಯ, ಕುಟುಂಬದವರೆಲ್ಲ ಬಂದಿದ್ದರು. ಮಗಳು ನನ್ನ ಪಕ್ಕದಲ್ಲಿ ಬಂದು ನಿಂತು ನನ್ನ ಹೆಗಲು ಹಿಡಿದುಕೊಂಡಿದ್ದಳು. ಪ್ರಸಾದ ಕೊಡುವಾಗ ನಾನು ಯಜಮಾನರ ಮುಂದೆ ಕಾಣಿಕೆ ಇಟ್ಟೆ. ನನ್ನ ತಮ್ಮ ಇಲ್ಲಿ ಕೊಟ್ಟ ಮಾತನ್ನು ಬಿಡಿಸಿ ಕೊಡಿ, ಅದನ್ನು ಕಟ್ಟಿಕೊಂಡೇ ಅವನು ಹೋಗಿದ್ದಾನೆ ಎಂದೆ.

ಯಜಮಾನರು ಕಾಣಿಕೆ ಮುಟ್ಟಲಿಲ್ಲ. "ಅವನು ಮಾತು ಉಳಿಸಿದ್ದಾನೆ. ಅವನಿಗೆ ಬಿಡಿಸುದು ಎಂತದೂ ಇಲ್ಲ" ಎಂದರು. "ನಿನ್ನದು ಎಂತಾದರೂ ಇದ್ದರೆ ನೀನು ಹೇಳು."

"ಯಾವ ಮಾತು ಅಮ್ಮ?" ಎಂದು ಮಗಳು ಕೇಳಿದಳು.

ನಾನು ಹೇಳಿದೆ. ದೈವ ಕೇಳಿದ್ದಲ್ಲ, ನಾನು ಕೇಳಿದ್ದು ಎಂದೆ. ಅವನಿಗೆ ಗುಣ ಆಗಿರಲಿಲ್ಲ, ನಿನಗೆ ಸುಳ್ಳು ಹೇಳಿದೆ ಎಂದೆ. ಬಿಡಿಸಿ ಕೊಡು ಎಂದು ಅವನು ಕೇಳಿದಾಗ ನಿನ್ನ ಹೆಸರು ಹೇಳಿ ಮುಂದೆ ಹಾಕಿದೆ ಎಂದೆ. ಮಗಳು ನನ್ನ ಹೆಗಲ ಮೇಲಿಟ್ಟಿದ್ದ ಕೈಯನ್ನು ತೆಗೆದಳು.