ತಣ್ಣಗಿದ್ದ ನಾಲ್ಕು ಕೊಳವೆಗಳು

ಮಾದಿಹಳ್ಳಿಯ ಮೆಕ್ಯಾನಿಕ್ ನಂಜುಂಡಯ್ಯನಿಗೆ ಮೀಟರು ಗೀಟರು ಎಂದರೆ ಆಗದು. ಕಾರಿಗೆ ವೈರು ಚುಚ್ಚಿ, ಪರದೆ ಮೇಲೆ ಅಂಕಿ ನೋಡಿ ರೋಗ ಹೇಳುವವರನ್ನು ಕಂಡರೆ ಅವನಿಗೆ ನಗು. "ಹೆತ್ತೋಳಿಗೆ ಮಗೀನ್ ಜ್ವರ ನೋಡಾಕೆ ಮಿಷನ್ ಬೇಕೇನ್ರೀ? ಹಣೆ ಮುಟ್ಟುದ್ರೆ ಸಾಲ್ದಾ?" ಎನ್ನುವುದು ಅವನ ವಾದ. ಆ ವಾದಕ್ಕೆ ಎದುರು ವಾದ ಹೂಡಿ ಗೆದ್ದವರನ್ನು ನಾವಂತೂ ಕಂಡಿಲ್ಲ.

ಅವನ ಕೈಚಳಕವೂ ಹಾಗೇ ಇತ್ತೆನ್ನಿ. ನಾಲ್ಕು ಸಿಲಿಂಡರಿನ ಕಾರು ನಿಂತಲ್ಲೇ ಗಡಗಡ ನಡುಗುತ್ತಿದೆ ಎಂದು ಯಾರಾದರೂ ಬಂದರೆ, ಮೊದಲು ಎಂಜಿನ್ ಪೂರ್ತಿ ಆರಲು ಬಿಡುತ್ತಿದ್ದ. ಆಮೇಲೆ ಸ್ಟಾರ್ಟ್ ಮಾಡಿಸಿ, ಒಂದು ಎಲೆ ಅಡಿಕೆ ಹಾಕಿಕೊಳ್ಳುವಷ್ಟು ಹೊತ್ತು ಕಾದು, ಎಂಜಿನ್ನಿನಿಂದ ಹೊಗೆ ಆಚೆ ಬರುವ ನಾಲ್ಕು ಕಬ್ಬಿಣದ ಕೊಳವೆಗಳನ್ನು ತೋರುಬೆರಳಿನಿಂದ ಒಂದೊಂದಾಗಿ ಮುಟ್ಟುತ್ತಿದ್ದ. ಮುಟ್ಟಿದ್ದು ಕಾಣಬಾರದು, ಅಷ್ಟು ಚುರುಕು. ಮೂರು ಕೊಳವೆ ಬೆರಳನ್ನು ಚುರ್ ಎನಿಸಬೇಕು. ಯಾವುದು ತಣ್ಣಗಿದೆಯೋ ಅದರ ಸಿಲಿಂಡರಿನಲ್ಲಿ ಪೆಟ್ರೋಲು ಉರಿಯುತ್ತಿಲ್ಲ, ನಡುಕಕ್ಕೆ ಅದೇ ಕಾರಣ. ಮುಂದಿನದ್ದು ಪ್ಲಗ್ಗೋ, ವೈರೋ, ಹುಡುಕಿದರೆ ಸಿಗುತ್ತದೆ.

ಹಳೇಬೀಡು, ಹುಲಿಕೆರೆಯವರಿರಲಿ, ಅರೇಹಳ್ಳಿ ಕಡೆಯ ಕಾಫಿ ತೋಟದವರೂ ಈ ಬೆರಳನ್ನು ಹುಡುಕಿಕೊಂಡು ಬರುತ್ತಿದ್ದರು. ಜನ ಅವನನ್ನು ಕರೆಯುತ್ತಿದ್ದದ್ದೇ ಬೆರಳು ನಂಜುಂಡಯ್ಯ ಎಂದು. ಅಂಗಡಿಗೆ ಬೋರ್ಡಿಲ್ಲ, ಬೋರ್ಡಿನ ಅಗತ್ಯವೂ ಇರಲಿಲ್ಲ. ಆ ಬೆರಳೇ ಅವನ ಅನ್ನ.

ಇಂಥವನಿಗೆ ಹಳೇಬೀಡಿನ ಆರೋಗ್ಯ ಶಿಬಿರದಲ್ಲಿ ರಕ್ತ ನೋಡಿ ಸಕ್ಕರೆ ಕಾಯಿಲೆ ವಿಪರೀತ ಇದೆ ಎಂದರೆ ನಂಬುತ್ತಾನೆಯೇ? ಹೆಂಡತಿ ಲಲಿತಮ್ಮ ಅತ್ತೂ ಕರೆದೂ ಹೇಳಿದಳು, ಮಾತ್ರೆಯನ್ನು ಊಟದ ಎಲೆಯ ಪಕ್ಕದಲ್ಲೇ ಇಟ್ಟಳು. "ಅವರ ಮೀಟರು ಕೆಟ್ಟೈತೆ ಕಣೇ. ನಂಗೇನಾಗೈತೆ, ಗುಂಡುಕಲ್ಲಿನಂಗಿವ್ನಿ" ಎಂದು ಮಾತ್ರೆಯನ್ನು ಹಾಗೇ ಬಿಟ್ಟು ಏಳುತ್ತಿದ್ದ. ಹೇಳೋರು ಹೇಳಿದರೂ ಕೇಳೋರಿಗೆ ಕಿವಿ ಬೇಕಲ್ಲ!

ಕಾಂಚನಮಾಲಾ ಎಂಬುವವರು ಹಳೇಬೀಡಿನ ಬಸದಿಯ ಹತ್ತಿರದ ಮನೆಯವರು, ಅರವತ್ತು ದಾಟಿದ ಜೈನ ಹೆಂಗಸು. ತೋಟದ ಲೆಕ್ಕಾಚಾರ, ಕಾರು ಓಡಿಸುವುದು ಎರಡೂ ಅವರದ್ದೇ. ಆವತ್ತು ಬೆಳಿಗ್ಗೆ ತಮ್ಮ ಹಳೆಯ ನೀಲಿ ಕಾರನ್ನು ನಂಜುಂಡಯ್ಯನ ಅಂಗಡಿ ಮುಂದೆ ಬಿಟ್ಟು, ಬಸ್ಸು ಹತ್ತಿ ಬೇಲೂರಿಗೆ ಹೋಗಿದ್ದರು. ಮಧ್ಯಾಹ್ನ ತಿರುಗಿ ಬಂದಾಗ ಎಂಜಿನ್ ಚೆನ್ನಾಗಿ ಆರಿತ್ತು.

"ಓಡುವಾಗ ಅಷ್ಟು ಗೊತ್ತಾಗಲ್ಲ ನಂಜುಂಡಯ್ಯ. ನಿಂತರೆ ಸಾಕು, ಸ್ಟೇರಿಂಗ್ ಹಿಡಿದ ಕೈಯೆಲ್ಲ ನಡುಗುತ್ತೆ. ಬೇಗ ನೋಡಿ, ಹೊತ್ತು ಮುಳುಗೋದರೊಳಗೆ ಮನೆ ಸೇರಿ ಊಟ ಮಾಡಬೇಕು."

"ಅಷ್ಟೊತ್ತೆಲ್ಲ ಯಾಕೆ ಅಮ್ಮೋರೆ? ಸ್ಟಾರ್ಟ್ ಮಾಡಿ, ಬೆರಳಿಟ್ಟು ಹೇಳ್ತೀನಿ."

ಅವರು ಕೀಲಿ ತಿರುಗಿಸಿದರು. ಎಂಜಿನ್ ಎದ್ದು, ಎಡವುತ್ತ ಎಡವುತ್ತ ಓಡತೊಡಗಿತು. ಪಕ್ಕದ ಟೀ ಅಂಗಡಿಯ ದ್ಯಾವಮ್ಮ ಬೋಂಡ ಬೇಯಿಸುವುದನ್ನು ಬಿಟ್ಟು ನೋಡಲು ಬಂದಳು. ಈ ಬೆರಳಿನ ಆಟ ಅವಳಿಗೆ ಎಷ್ಟು ಸಲ ನೋಡಿದರೂ ಬೇಸರವಿಲ್ಲ.

ನಂಜುಂಡಯ್ಯ ಕಾದ, ಬಗ್ಗಿದ. ಮೊದಲ ಕೊಳವೆ ಮುಟ್ಟಿದ. ತಣ್ಣಗಿತ್ತು. ಸಿಕ್ಕಿತಲ್ಲ ಕಳ್ಳ ಎಂದುಕೊಂಡು, ಲೆಕ್ಕಕ್ಕೆ ಎರಡನೆಯದನ್ನು ಮುಟ್ಟಿದ. ಅದೂ ತಣ್ಣಗಿತ್ತು. ಮೂರನೆಯದು ತಣ್ಣಗೆ. ನಾಲ್ಕನೆಯದೂ ತಣ್ಣಗೆ.

ನಾಲ್ಕೂ ಉರಿಯುತ್ತಿಲ್ಲ ಎಂದರೆ ಎಂಜಿನ್ ಓಡುತ್ತಿರುವುದಾದರೂ ಹೇಗೆ? ಒಲೆಯಲ್ಲಿ ಬೆಂಕಿಯಿಲ್ಲ, ಮೇಲೆ ಅನ್ನ ಕುದಿಯುತ್ತಿದೆ! ಇಷ್ಟು ವರ್ಷದಲ್ಲಿ ಇಂಥದ್ದನ್ನು ಅವನು ಕಂಡಿರಲಿಲ್ಲ, ಕೇಳಿರಲಿಲ್ಲ. ಇದೇನು ಮಾಟವೋ, ಮಾಯವೋ? ಬೆರಳನ್ನು ಮತ್ತೆ ಮೊದಲ ಕೊಳವೆಯ ಮೇಲಿಟ್ಟ. ಈ ಸಲ ತೆಗೆಯಲಿಲ್ಲ, ಒತ್ತಿ ಹಿಡಿದ. ಹಿಡಿದು, ಕಣ್ಣು ಮುಚ್ಚಿ, ಬಿಸಿಗಾಗಿ ಕಾದ.

ವಾಸನೆ ಬಂದದ್ದು ಮೊದಲು ದ್ಯಾವಮ್ಮನಿಗೆ. ಎಣ್ಣೆ ಸೀಯುತ್ತಿದೆಯೇನೋ ಎಂದು ತನ್ನ ಬಾಂಡಲಿಯ ಕಡೆ ತಿರುಗಿದಳು, ಮತ್ತೆ ಇತ್ತ ತಿರುಗಿದಳು, ಕಿರುಚಿದಳು.

"ಅಯ್ಯೋ ನಿನ್ ಮನೆ ಕಾಯ್ವಾಗ! ಕೈ ತೆಗಿಯೋ! ಚರ್ಮ ಸುಡ್ತಾ ಐತೆ ಕಣೋ!"

ಅವನು ಕೈ ತೆಗೆದ. ತೆಗೆಯುವಾಗ ಬೆರಳ ತುದಿಯ ಚರ್ಮ ಕೊಳವೆಗೇ ಅಂಟಿಕೊಂಡು ಉಳಿಯಿತು, ಅಲ್ಲೇ ಸುರುಟಿ ಕಪ್ಪಾಯಿತು. ನಂಜುಂಡಯ್ಯ ಅದನ್ನು ನೋಡಿದ, ಬೆರಳನ್ನು ನೋಡಿದ. ನೋವಿಲ್ಲ. ಉರಿಯಿಲ್ಲ. ಇಕ್ಕಳ ತೆಗೆದುಕೊಂಡು ಅದೇ ಬೆರಳನ್ನು ಅದರ ಬಾಯಿಗಿಟ್ಟು ಅದುಮಿದ. ಉಗುರು ಬೆಳ್ಳಗಾಯಿತೇ ಹೊರತು ಅವನಿಗೇನೂ ಆಗಲಿಲ್ಲ. ಪಕ್ಕದ ಬೆರಳನ್ನು ಅದುಮಿದ. ಅದೂ ಹಾಗೇ. ಕಾಂಚನಮಾಲಾ ಇಳಿದು ಬಂದು ಇಕ್ಕಳವನ್ನು ಕಿತ್ತುಕೊಳ್ಳದಿದ್ದರೆ ಇನ್ನೇನು ಮಾಡಿಕೊಳ್ಳುತ್ತಿದ್ದನೋ.

ನಂಜುಂಡಯ್ಯ ಕಾರಿಗೆ ಒರಗಿ ನಿಂತ. ಎಂಜಿನ್ ಮಾತ್ರ ತನ್ನ ಪಾಡಿಗೆ ಕುಂಟುತ್ತಲೇ ಇತ್ತು. ಆ ಕುಂಟು ಸದ್ದು ಕೇಳಿ ಕೇಳಿ ದ್ಯಾವಮ್ಮನಿಗೆ ರೇಗಿಹೋಯಿತು. ಹೆದರಿಕೆಯಾದಾಗ ಅವಳಿಗೆ ಬರುವುದು ಸಿಟ್ಟೇ.

"ಬಾಂಡ್ಲಿ ಕಾದೈತಾ ಅಂತ ನೋಡಾಕೆ ನಾನೇನ್ ಕೈ ಇಕ್ತೀನಾ? ದೊಡ್ಡ ಬೆರಳು ಇವನ್ದು!" ಎನ್ನುತ್ತ ಚೊಂಬಿನಿಂದ ನೀರು ತಂದು ನಾಲ್ಕು ಕೊಳವೆಗೂ ಒಂದೊಂದು ಹನಿ ಚಿಮುಕಿಸಿದಳು. ಮೊದಲನೆಯದು ಚುಂಯ್ ಎಂದಿತು. ಮೂರನೆಯದು, ನಾಲ್ಕನೆಯದು ಚುಂಯ್ ಚುಂಯ್ ಎಂದವು. ಎರಡನೆಯದರ ಮೇಲೆ ಹನಿ ಸದ್ದಿಲ್ಲದೆ ಜಾರಿ ಕೆಳಗೆ ಬಿತ್ತು.

ಎಂಜಿನ್ ಆರಿಸಿ ನಂಜುಂಡಯ್ಯ ಎರಡನೆಯ ಪ್ಲಗ್ಗಿನ ವೈರನ್ನು ಕಿತ್ತ. ಎಡಗೈಯಲ್ಲಿ ಹಿಡಿದು ಬಿಸಿಲಿಗೆ ತಿರುಗಿಸಿದ. ಒಂದು ಕಡೆ ಕಬ್ಬಿಣಕ್ಕೆ ಉಜ್ಜಿ ಉಜ್ಜಿ ರಬ್ಬರು ಹರಿದಿತ್ತು. ಕಿಡಿ ಪ್ಲಗ್ಗಿಗೆ ಹೋಗುವ ಮೊದಲೇ ಅಲ್ಲಿಂದ ಹಾರಿಹೋಗುತ್ತಿತ್ತು. ಬೇರೆ ವೈರು ಹಾಕಿದ. ಅಷ್ಟಕ್ಕೇ ಕೈಯಿಂದ ಅದು ಎರಡು ಸಲ ಜಾರಿತು. ಕಾಂಚನಮಾಲಾ ಮತ್ತೆ ಸ್ಟಾರ್ಟ್ ಮಾಡಿದರು. ಅವನು ಅಂಗೈಯನ್ನು ಬಾನೆಟ್ಟಿನ ಮೇಲೆ ಊರಿ ನಿಂತ, ಬಹಳ ಹೊತ್ತು ನಿಂತ.

"ಅಮ್ಮೋರೆ," ಎಂದ ಕೊನೆಗೆ, ದನಿ ತಗ್ಗಿಸಿ. "ನಡುಕ ನಿಂತೈತಾ?"

"ನಿಂತಿದೆಯಲ್ಲ. ನಿಮಗೆ ಗೊತ್ತಾಗ್ತಿಲ್ವಾ?"

ಅವನು ಇಲ್ಲವೆಂದು ತಲೆಯಾಡಿಸಿದ. ಕಣ್ಣಲ್ಲಿ ನೀರು ದಳದಳ ಇಳಿಯಿತು, ಒರೆಸಿಕೊಳ್ಳಲೂ ಇಲ್ಲ.

ಕಾಂಚನಮಾಲಾ ಕಾರಿನಿಂದ ಇಳಿದರು. ಅವರ ಗಂಡ ನೇಮಿಚಂದ್ರರಿಗೂ ಸಕ್ಕರೆ ಕಾಯಿಲೆ. ಪಾದದ ಸ್ಪರ್ಶ ಸತ್ತು, ಗಾಯವಾದದ್ದೇ ತಿಳಿಯದೆ, ಎರಡು ಕಾಲ್ಬೆರಳು ತೆಗೆಸಿ ಮನೆಯಲ್ಲಿದ್ದಾರೆ. ಹಾಗಾಗಿ ಅವರಿಗೆ ಬೇರೇನೂ ಕೇಳಬೇಕಾಗಿರಲಿಲ್ಲ.

"ಕಾಲು ಹೇಗಿದೆ?"

"ಕಾಲಿಗೇನು? ಚೆನ್ನಾಗೈತೆ. ನಡುದ್ರೆ ಹತ್ತಿ ಮೇಲೆ ನಡುದಂಗೆ ಇರ್ತದೆ, ಅಷ್ಟೇಯ."

"ಬೂಟು ಬಿಚ್ಚಿ."

"ಬ್ಯಾಡಿ ಅಮ್ಮೋರೆ, ಗಲೀಜು..."

"ಬಿಚ್ಚಿ ಅಂದ್ನಲ್ಲ."

ಸ್ಟೂಲಿನ ಮೇಲೆ ಕೂತು ಬಲಗಾಲಿನ ಬೂಟು ಎಳೆದ. ಕಾಲುಚೀಲ ಪಾದಕ್ಕೆ ಕಚ್ಚಿಕೊಂಡಿತ್ತು, ಸುಲಿದಂತೆ ತೆಗೆಯಬೇಕಾಯಿತು. ದ್ಯಾವಮ್ಮ ಬಗ್ಗಿ ನೋಡಿದವಳೇ ಸೆರಗನ್ನು ಮೂಗಿಗೆ ಒತ್ತಿಕೊಂಡು "ಶಿವನೇ!" ಎಂದು ಹಿಂದೆ ಸರಿದಳು. ಹೆಬ್ಬೆರಳಿನ ಬುಡದಲ್ಲಿ, ಅಂಗಾಲಿನ ಮಾಂಸದೊಳಗೆ, ಒಂದು ಕಬ್ಬಿಣದ ವಾಷರ್ ಅರ್ಧ ಹೂತು ಕೂತಿತ್ತು. ಸುತ್ತ ಕೀವು. ಕಪ್ಪು ಗೆರೆಯೊಂದು ಆಗಲೇ ಹಿಮ್ಮಡಿಯ ಕಡೆ ಹೊರಟಿತ್ತು.

ನಂಜುಂಡಯ್ಯ ವಾಷರನ್ನು ಗುರುತು ಹಿಡಿದ. ಹೋದ ವಾರ ಅರೇಹಳ್ಳಿಯವರ ಜೀಪಿನದ್ದು. ಬಿದ್ದುಹೋಯಿತೆಂದು ಅಂಗಡಿಯ ನೆಲವನ್ನೆಲ್ಲ ಅಂಬೆಗಾಲಿಟ್ಟು ತಡಕಿದ್ದ, ಸಿಗದೆ ಬೈದುಕೊಂಡು ಹೊಸದು ಹಾಕಿದ್ದ. ಅದು ಬಿದ್ದದ್ದು ಅವನ ಬೂಟಿನೊಳಕ್ಕೆ, ಕಾಲುಚೀಲದ ತೂತಿನಿಂದ ಪಾದಕ್ಕೆ ಕಚ್ಚಿತ್ತು. ಅವತ್ತಿನಿಂದ ಇವತ್ತಿನವರೆಗೆ ಅದನ್ನು ತುಳಿದುಕೊಂಡೇ ಮನೆಗೆ ಹೋಗಿದ್ದಾನೆ, ಬಂದಿದ್ದಾನೆ.

"ಇದು ನನ್ ಕಾಲಾ?" ಎಂದು ಕೇಳಿದ. ಯಾರನ್ನು ಕೇಳಿದನೋ.

ಕಾಂಚನಮಾಲಾ ಕಾರಿನ ಹಿಂಬಾಗಿಲು ತೆಗೆದರು. ದ್ಯಾವಮ್ಮ ಒಗೆದ ಪಂಚೆಯೊಂದನ್ನು ಹರಿದು ಪಾದಕ್ಕೆ ಸುತ್ತಿ, ರಟ್ಟೆ ಹಿಡಿದು ಅವನನ್ನು ಒಳಗೆ ಕೂರಿಸಿ, ಲಲಿತಮ್ಮನಿಗೆ ತಾನೇ ಹೋಗಿ ಹೇಳುತ್ತೇನೆಂದಳು. ಅವನು ಸುಟ್ಟ ಬೆರಳನ್ನು ಮುಖದ ಮುಂದೆ ಹಿಡಿದು ನೋಡುತ್ತಲೇ ಇದ್ದ. ದೊಡ್ಡಾಸ್ಪತ್ರೆಗೆಂದು ಹಾಸನದ ರಸ್ತೆಗೆ ಕಾರು ತಿರುಗಿದ ಮೇಲೆ ಬಾಯಿ ಬಿಟ್ಟ.

"ಅಮ್ಮೋರೆ, ಈ ಬೆರಳಿಗೆ ಮತ್ತೆ ಜೀವ ಬತ್ತದಾ? ಇದೊಂದಿದ್ರೆ ನಾನು ಹೆಂಗೋ ಬದುಕ್ಕತೀನಿ."

ಅವರು ಕನ್ನಡಿಯಲ್ಲಿ ಅವನನ್ನು ಒಮ್ಮೆ ನೋಡಿದರು.

"ಬೆರಳಿನ ಮಾತು ಆಮೇಲೆ ನಂಜುಂಡಯ್ಯ. ಮೊದಲು ಕಾಲು ಉಳೀಲಿ ಅಂತ ಬೇಡಿಕೊಳ್ಳಿ" ಎಂದು ಕಾರಿನ ವೇಗ ಹೆಚ್ಚಿಸಿದರು.