ಬಲಗಡೆಯ ಕುರ್ಚಿಗಳು

ಹೊನ್ನಾವರದ ಹಳೇ ಅಕ್ಕಿ ಮಿಲ್ಲಿನ ಬಾಗಿಲಿಗೆ ಒಂದು ಕರಿಹಲಗೆ ತೂಗುಹಾಕಿದ್ದೇವೆ. ಮುಂದೆ ಯಾರು ಹಾಡಲು ಬರುತ್ತಾರೆ ಎಂದು ಅದರ ಮೇಲೆ ಸೀಮೆಸುಣ್ಣದಲ್ಲಿ ಬರೆಯುವುದು ನನ್ನ ಕೆಲಸ. ಆ ವರ್ಷ ದೀಪಾವಳಿ ಕಳೆದ ಮೇಲೆ ಮೂರು ಸಾಲು ಬರೆದೆ. ಮೊದಲು ಪುಣೆಯ ನಾಲ್ವರ ತಂಡ, ಆಮೇಲೆ ಕೇರಳದ ಇಬ್ಬರು, ಕೊನೆಗೆ ಗಿಟಾರ್ ಹಿಡಿದು ಒಬ್ಬಳೇ ಹಾಡುವ ಮೈಸೂರು ಕಡೆಯ ಹುಡುಗಿ. ಬರೆದು ಕೈ ಝಾಡಿಸಿಕೊಂಡು ನೋಡಿದೆ. ಅಕ್ಷರ ನೆಟ್ಟಗಿತ್ತು. ಮೂರು ಕಾರ್ಯಕ್ರಮಕ್ಕೂ ಸೌಂಡ್ ಇಡಬೇಕಾದವನು ನಾನು, ಮತ್ತು ಆಗ ನನಗೆ ಬಲಗಿವಿ ಕೇಳುತ್ತಿರಲಿಲ್ಲ. ಇದು ನನ್ನ ಹೆಂಡತಿಗೆ ಬಿಟ್ಟು ಬೇರೆ ಯಾರಿಗೂ ಗೊತ್ತಿಲ್ಲ ಎಂದುಕೊಂಡಿದ್ದೆ.

ಮಿಲ್ಲು ಅಕ್ಕೋರದ್ದು. ನಮ್ಮಲ್ಲಿ ಶಾಲೆಯ ಟೀಚರಿಗೆ ಅಕ್ಕೋರು ಅನ್ನುತ್ತಾರೆ. ಇವರು ಕಾಯ್ಕಿಣಿಯಲ್ಲಿ ಬಹಳ ವರ್ಷ ಪಾಠ ಮಾಡಿ ನಿವೃತ್ತರಾದವರು. ಮಾವನ ಕಾಲದಲ್ಲೇ ಮುಚ್ಚಿದ್ದ ಮಿಲ್ಲನ್ನು ಗುಡಿಸಿ, ಸುಣ್ಣ ಹೊಡೆಸಿ, ಎಂಬತ್ತು ಪ್ಲಾಸ್ಟಿಕ್ ಕುರ್ಚಿ ತರಿಸಿದರು. ತಮ್ಮ ಹಾಡು ತಾವೇ ಕಟ್ಟಿಕೊಂಡು ಊರೂರು ತಿರುಗುವ ಹುಡುಗ ಹುಡುಗಿಯರಿದ್ದಾರಲ್ಲ, ಅವರು ಗೋವಾದಲ್ಲಿ ಹಾಡಿ ಮಂಗಳೂರಿಗೆ ಹೋಗುವಾಗ ನಮ್ಮೂರನ್ನು ರೈಲಿನಲ್ಲಿ ನಿದ್ದೆ ಮಾಡುತ್ತಲೇ ದಾಟುತ್ತಿದ್ದರು. ಒಂದು ಸಂಜೆ ಇಲ್ಲಿ ಇಳಿಸಿದರೆ ಎಂತ ಹಾಳಾಗುತ್ತದೆ ಎಂದು ಅಕ್ಕೋರು ಕೇಳಿದರು. ಯಾರಿಗೂ ಉತ್ತರ ಹೊಳೆಯಲಿಲ್ಲ, ಹಾಗಾಗಿ ಶುರುವಾಯಿತು.

ನಾನು ಮೈಕ್ ಸೆಟ್‌ನವನು. ಮದುವೆ, ಉಪನಯನ, ಯಕ್ಷಗಾನ, ಪಂಚಾಯತಿ ಸಭೆ, ಎಲ್ಲದಕ್ಕೂ ಇಪ್ಪತ್ತೆಂಟು ವರ್ಷ ಮೈಕ್ ಕೊಟ್ಟಿದ್ದೇನೆ. ಮಿಲ್ಲಿನ ಮೊದಲ ಕಾರ್ಯಕ್ರಮದಲ್ಲಿ ಹಾಡುಗಾರನ ದನಿಗೆ ಮದುವೆ ಮನೆಯ ಎಕೋ ಹಾಕಿ ಬಿಟ್ಟಿದ್ದೆ. ಪಾಪ, ಅವನು ಬಹಳ ಮರ್ಯಾದೆಯಿಂದ, ನಾನು ಬಾವಿಯೊಳಗೆ ನಿಂತು ಹಾಡುತ್ತಿದ್ದೇನಾ ಎಂದು ಕೇಳಿದ. ಅಲ್ಲಿಂದ ಕಲಿತೆ. ಮದುವೆ ಮನೆಯಲ್ಲಿ ಸೌಂಡ್ ಇದ್ದರಾಯಿತು, ಯಾರೂ ಕೇಳುವುದಿಲ್ಲ. ಮಿಲ್ಲಿನಲ್ಲಿ ಎಂಬತ್ತು ಜನ ಬಾಯಿ ಮುಚ್ಚಿ ಕೂತು ಕೇಳುತ್ತಾರೆ. ನನ್ನ ಕೆಲಸಕ್ಕೆ ಒಂದು ಅರ್ಥ ಅಂತ ಇದ್ದದ್ದು ಆ ಮಿಕ್ಸರಿನ ಮುಂದಿನ ಕುರ್ಚಿಯಲ್ಲಿ ಮಾತ್ರ. ಅದಕ್ಕೇ ಅದನ್ನು ಬಿಡಲು ನನಗೆ ಮನಸ್ಸಿರಲಿಲ್ಲ.

ಕಿವಿ ಹೋದದ್ದು ಚೌತಿ ಮುಗಿದ ವಾರ. ಬೆಳಿಗ್ಗೆ ಎದ್ದಾಗ ಬಲಗಡೆ ಜಗತ್ತೇ ಇರಲಿಲ್ಲ. ನೋವಿಲ್ಲ, ಸೋರುವುದಿಲ್ಲ. ಸ್ನಾನದ ನೀರು ಹೋಗಿರಬೇಕು ಎಂದು ಅಂಗಳದಲ್ಲಿ ಒಂಟಿಕಾಲಲ್ಲಿ ಕುಣಿದೆ. ಹೆಂಡತಿ ಎಣ್ಣೆ ಬೆಚ್ಚಗೆ ಮಾಡಿ ಬಿಟ್ಟಳು. ಕುಮಟೆಯಲ್ಲಿ ಎರಡು ಸಭೆ, ಭಟ್ಕಳದಲ್ಲಿ ಒಂದು ಮದುವೆ ಒಪ್ಪಿಕೊಂಡಾಗಿತ್ತು. ಅವನ್ನೆಲ್ಲ ಮುಗಿಸಿ ಮಂಗಳೂರಿನ ಡಾಕ್ಟರ ಹತ್ತಿರ ಹೋಗುವಾಗ ಮೂರು ವಾರ ದಾಟಿತ್ತು. ಅವರು ಹೆಡ್‌ಫೋನ್ ಹಾಕಿ ಏನೇನೋ ಪರೀಕ್ಷೆ ಮಾಡಿ, ಮೊದಲ ಒಂದೆರಡು ದಿನದಲ್ಲೇ ಬಂದಿದ್ದರೆ ಏನಾದರೂ ನೋಡಬಹುದಿತ್ತು, ಇನ್ನು ಬರುವುದು ಕಷ್ಟ ಎಂದರು. ನಾನು ಹೌದಾ ಅಂದೆ. ಹೊರಗೆ ಬಂದು ಹೋಟೆಲಿನಲ್ಲಿ ಎರಡು ಬನ್ಸ್ ತಿಂದೆ, ಚಾ ಕುಡಿದೆ, ಬಸ್ಸು ಹತ್ತಿದೆ. ಏನೂ ಅನ್ನಿಸಲಿಲ್ಲ.

ಆಮೇಲೂ ಏನೂ ಅನ್ನಿಸಲಿಲ್ಲ. ಕಾಲು ಜೋಮು ಹಿಡಿದಾಗ ಅದರ ಮೇಲೆ ಯಾರೋ ಕೈಯಿಟ್ಟರೆ ತಿಳಿಯುತ್ತದೆ, ಆದರೆ ಮುಟ್ಟುವುದಿಲ್ಲ. ನನಗೆ ಎಲ್ಲವೂ ಹಾಗೇ ಇತ್ತು. ಹೆಂಡತಿ ಅಳುತ್ತಾಳೆ ಎಂದುಕೊಂಡಿದ್ದೆ, ಅವಳೂ ಅಳಲಿಲ್ಲ. ಮರುದಿನದಿಂದ ನನ್ನ ಎಡಗಡೆಯಿಂದ ಬಂದು ಅನ್ನ ಬಡಿಸತೊಡಗಿದಳು, ಅಷ್ಟೇ. ಅಕ್ಕೋರಿಗೆ ಹೇಳಬೇಕು ಎಂದು ಅವಳು ಎರಡು ಸಲ ಅಂದಳು. ನಾನು ಹೇಳುತ್ತೇನೆ ಅಂದೆ.

ಹೇಳಲಿಲ್ಲ. ಅದಕ್ಕೆ ಕಾರಣ ಆ ಮೈಸೂರು ಕಡೆಯ ಹುಡುಗಿ. ಅವಳು ಹಿಂದಿನ ವರ್ಷವೂ ಬಂದಿದ್ದಳು. ಅವಳ ದನಿ ಬಹಳ ಮೆಲ್ಲಗೆ, ಪಕ್ಕದಲ್ಲಿ ಕೂತವರಿಗೆ ಗುಟ್ಟು ಹೇಳುವಷ್ಟು. ಬೇರೆ ಊರುಗಳಲ್ಲಿ ಸೌಂಡಿನವರು ಅದನ್ನು ಹಿಗ್ಗಿಸಿ ಹಿಗ್ಗಿಸಿ ಕಿರುಚುವ ಹಾಗೆ ಮಾಡುತ್ತಿದ್ದರಂತೆ. ಮಿಲ್ಲಿನಲ್ಲಿ ನಾನು ಅವಳ ದನಿಯನ್ನು ಇದ್ದಷ್ಟೇ ಇಟ್ಟು ಕೊನೆಯ ಸಾಲಿಗೆ ಮುಟ್ಟಿಸಿದ್ದೆ. ಈ ಸಲ ಅಕ್ಕೋರು ಕರೆದಾಗ, ಮಿಕ್ಸರಿನ ಹತ್ತಿರ ಆ ಅಣ್ಣನೇ ಇದ್ದರೆ ಬರುತ್ತೇನೆ ಎಂದು ಬರೆದಿದ್ದಳು. ಅಕ್ಕೋರು ಫೋನಿನಲ್ಲಿ ಅದನ್ನು ನನಗೆ ಓದಿ ಹೇಳಿದರು. ನಾನು ಫೋನನ್ನು ಎಡಗಿವಿಗೆ ಹಿಡಿದುಕೊಂಡು ಕೇಳಿದೆ.

ಪುಣೆಯವರು ಬಂದ ದಿನ ಸಂಜೆ ಆರೂವರೆಗೆ ಶುರು. ಒಂದು ಕಿವಿಯಲ್ಲಿ ಸೌಂಡ್ ಇಡುವುದು ಹೇಗೆ ಎಂದು ನಾನು ಮೊದಲೇ ಯೋಚಿಸಿಟ್ಟಿದ್ದೆ. ಮಿಕ್ಸರಿನ ದೀಪ ಹಸಿರಿನಲ್ಲಿದ್ದರೆ ಸರಿ, ಕೆಂಪಾದರೆ ಜಾಸ್ತಿ. ಸ್ಪೀಕರಿನ ಪೆಟ್ಟಿಗೆಯ ಮೇಲೆ ಅಂಗೈ ಇಟ್ಟರೆ ಅದರ ನಡುಕ ತಿಳಿಯುತ್ತದೆ. ಉಳಿದದ್ದು ಅಭ್ಯಾಸಬಲ. ಆದರೂ ಬಲಗಡೆಯ ಪೆಟ್ಟಿಗೆ ನನಗೆ ಸೊರಗಿದ ಹಾಗೆ ಕೇಳುತ್ತಿತ್ತು. ಸ್ವಲ್ಪ ಏರಿಸಿದೆ. ಇನ್ನೂ ಸೊರಗಿದ್ದ ಹಾಗಿತ್ತು. ಇನ್ನೊಂದು ಚೂರು ಏರಿಸಿದೆ.

ಮುಗಿದ ಮೇಲೆ ಎಲ್ಲರೂ ಒಬ್ಬೊಬ್ಬರಾಗಿ ನನ್ನ ಹತ್ತಿರ ಬಂದು ಚಲೋ ಆತು ಅಂದರು. ಇದು ನಮ್ಮ ಕಡೆಯ ರೀತಿ. ಉಂಡವರು, ಕೇಳಿದವರು, ನೋಡಿದವರು ಯಾರೂ ಚಲೋ ಆತು ಅನ್ನದೆ ಚಪ್ಪಲಿ ಮೆಟ್ಟುವುದಿಲ್ಲ. ಸಾರಿಗೆ ಉಪ್ಪು ಬಿದ್ದಿರದಿದ್ದರೂ ಚಲೋ ಆತು, ಮಳೆ ಬಂದು ಯಕ್ಷಗಾನದ ಆಟ ಅರ್ಧಕ್ಕೆ ನಿಂತರೂ ಚಲೋ ಆತು. ಹುಟ್ಟಿದಾಗಿನಿಂದ ಈ ಊರಲ್ಲಿರುವ ನನಗೆ ಇದು ಗೊತ್ತಿಲ್ಲವೇ? ಆದರೂ ನಂಬಿದೆ. ಸಂತೆಗುಳಿಯಿಂದ ಪ್ರತಿ ಕಾರ್ಯಕ್ರಮಕ್ಕೆ ಬೈಕಿನಲ್ಲಿ ಬರುವ ತೋಟದವರೊಬ್ಬರಿದ್ದಾರೆ, ಬಲಗಡೆಯ ಮುಂದಿನ ಸಾಲಿನಲ್ಲೇ ಕೂರುವವರು. ಅವರೂ ಬಂದು ಚಲೋ ಆತು ಅಂದು, ಬತ್ತೆ ಎಂದು ಹೊರಟರು. ನಾನು ನಿಶ್ಚಿಂತೆಯಿಂದ ಕೇಬಲ್ ಸುತ್ತತೊಡಗಿದೆ.

ಕುರ್ಚಿ ಜೋಡಿಸುವಾಗ ಒಂದು ಕಂಡಿತು. ಎಡಗಡೆ ಕುರ್ಚಿಗಳು ಒಂದಕ್ಕೊಂದು ಒತ್ತಿಕೊಂಡು ಗೋಡೆಯ ತನಕ ಹೋಗಿದ್ದವು. ಬಲಗಡೆ ನಾನು ಹಾಕಿದ ಸಾಲಿನಲ್ಲಿ ಅಲ್ಲಲ್ಲಿ ಕುರ್ಚಿಯೇ ಇರಲಿಲ್ಲ. ಮೇಲೆ ನೋಡಿದೆ. ಬಲಗಡೆಯ ಫ್ಯಾನು ತಿರುಗುತ್ತಿರಲಿಲ್ಲ. ಓ, ಸೆಖೆಗೆ ಅತ್ತ ಹೋಗಿದ್ದಾರೆ ಎಂದುಕೊಂಡೆ. ಮರುದಿನ ಏಣಿ ತಂದು ಫ್ಯಾನು ಇಳಿಸಿ, ಕಂಡೆನ್ಸರ್ ಬದಲಿಸಿ ಮತ್ತೆ ಹಾಕಿದೆ. ಬುದ್ಧಿವಂತಿಕೆಗೆ ಕಡಿಮೆ ಇಲ್ಲ.

ಕೇರಳದವರು ಬಂದಾಗ ಹೆಂಡತಿಯೂ ಬಂದಳು. ಮಿಲ್ಲಿಗೆ ಅವಳು ಬಂದದ್ದು ಅದೇ ಮೊದಲು. ರಿಪೇರಿಯಾದ ಬಲಗಡೆಯ ಫ್ಯಾನಿನ ಕೆಳಗೆ ನಾನೇ ಕೂರಿಸಿದೆ. ಎರಡು ಹಾಡು ಆದ ಮೇಲೆ ನೋಡಿದರೆ ಅವಳು ಎಡಗಡೆ, ಮಾವಳ್ಳಿಯಿಂದ ಬರುವ ಹೆಂಗಸರ ನಡುವೆ ಇದ್ದಳು. ಭಟ್ಕಳದ ನಾಲ್ಕು ಹುಡುಗರು ಮೊದಲೆಲ್ಲ ಬಲಗಡೆ ಕೂತು ತಮ್ಮ ನವಾಯತಿ ಭಾಷೆಯಲ್ಲಿ ಪಿಸುಗುಡುತ್ತಿದ್ದವರು, ಅವರೂ ಎಡಗೋಡೆಗೆ ಒರಗಿ ನಿಂತಿದ್ದರು. ಸಂತೆಗುಳಿಯವರೊಬ್ಬರೇ ತಮ್ಮ ಜಾಗದಲ್ಲಿದ್ದರು.

ಮನೆಗೆ ಹೋಗುವಾಗ ಸ್ಕೂಟರಿನಲ್ಲಿ ಹೆಂಡತಿ ಮುಂದಕ್ಕೆ ಬಾಗಿ ನನ್ನ ಎಡಗಿವಿಯ ಹತ್ತಿರ ಬಾಯಿ ತಂದಳು.

"ಬಲಗಡೆ ಕೂತ್ಕಂಡ್ರೆ ತಲೆ ಒಡದ್ ಹೋಗ್ತದೆ," ಅಂದಳು. "ನಿಮಗೆ ಗೊತ್ತಾಗೂದಿಲ್ಲ. ಉಳಿದೋರಿಗೆಲ್ಲ ಗೊತ್ತದೆ."

ನಾನು ಗಾಡಿ ನಿಲ್ಲಿಸಲಿಲ್ಲ. ಮನೆಗೆ ಹೋಗಿ ಕೈಕಾಲು ತೊಳೆದು ಉಂಡೆ. ಮರುದಿನ ಬೆಳಿಗ್ಗೆ ಅಕ್ಕೋರ ಮನೆಗೆ ಹೋದೆ. ಅವರು ಜಗುಲಿಯಲ್ಲಿ ಕೂತು ಬಸಳೆ ಹೆಚ್ಚುತ್ತಿದ್ದರು. ಬಲಗಿವಿ ಹೋಗಿದೆ ಎಂದು ಹೇಳಿದೆ. ಮೈಸೂರಿನ ಹುಡುಗಿಗೆ ಬೇರೆ ಯಾರನ್ನಾದರೂ ನೋಡಿ ಎಂದೂ ಹೇಳಿದೆ. ಅವರು ಈಳಿಗೆಮಣೆಯಿಂದ ತಲೆ ಎತ್ತಲಿಲ್ಲ.

"ಪುಣೆಯೋರು ಬಂದ ದಿನವೇ ಗೊತ್ತಾತು," ಅಂದರು. "ಬಲಗಡೆ ನಿಂತು ಕರೆದ್ರೆ ನೀನು ತಿರುಗೂದಿಲ್ಲ. ನೀನೇ ಹೇಳ್ತಿ ಅಂತ ಕಾದೆ."

ಆಮೇಲೆ ಒಂದೊಂದಾಗಿ ಎಲ್ಲ ಹೊರಬಂತು. ಭಟ್ಕಳದ ಹುಡುಗರಿಗೆ ಎಡಗಡೆ ನಿಲ್ಲಿ ಎಂದು ಹೇಳಿದ್ದು ಅವರೇ. ಮಾವಳ್ಳಿಯ ಹೆಂಗಸರು ತಾವಾಗಿಯೇ ಸರಿದಿದ್ದರು. ಸಂತೆಗುಳಿಯವರು ಮಾತ್ರ, ಬಲಗಡೆ ಪೂರ್ತಿ ಖಾಲಿಯಾದರೆ ನನಗೆ ತಿಳಿದು ಬೇಜಾರಾದೀತೆಂದು, ಎರಡೂ ಕಿವಿಗೆ ಹತ್ತಿ ತುರುಕಿಕೊಂಡು ಸ್ಪೀಕರಿನ ಮುಂದೆ ಕೂರುತ್ತಿದ್ದರಂತೆ. ಮೂವತ್ತು ಕಿಲೋಮೀಟರ್ ಬೈಕ್ ಹೊಡೆದುಕೊಂಡು ಬಂದು, ಹಾಡು ಕೇಳದ ಹಾಗೆ ಕಿವಿ ಮುಚ್ಚಿಕೊಂಡು ಕೂರುವುದು.

ನನಗೆ ಸಿಟ್ಟು ಬಂತು. ಚೌತಿಯಿಂದ ಈಚೆಗೆ ನನಗೆ ಬಂದ ಮೊದಲ ಸಿಟ್ಟು ಅದು. ಕಾಯಿಲೆಯವನಿಗೆ ಗಂಜಿ ಕುಡಿಸುವ ಹಾಗೆ ಊರೆಲ್ಲ ಸೇರಿ ನನಗೆ ಚಲೋ ಆತು ಕುಡಿಸಿದ್ದರು. ಅಕ್ಕೋರ ಎದುರು ದನಿ ಎತ್ತಿದವನಲ್ಲ, ಅವತ್ತು ಎತ್ತಿದೆ. ಒಬ್ಬರಾದರೂ ಹೇಳಬಾರದಿತ್ತೇ, ನಾನು ಫ್ಯಾನು ರಿಪೇರಿ ಮಾಡಿದೆನಲ್ಲ ಎಂದೆ. ಅಕ್ಕೋರಿಗೆ ನಗು ಬಂತು, ತಡೆದುಕೊಂಡರು. ಬೇರೆಯವರನ್ನು ಕರೆಸುವುದಿಲ್ಲ, ಬೇಕಾದರೆ ಕಾರ್ಯಕ್ರಮವನ್ನೇ ಬಿಡುತ್ತೇನೆ, ನೀನೇ ಯೋಚನೆ ಮಾಡು ಎಂದು ಬಸಳೆ ಎತ್ತಿಕೊಂಡು ಒಳಗೆ ಹೋದರು. ಮನೆಗೆ ಬರುವಷ್ಟರಲ್ಲಿ ಸಿಟ್ಟೂ ಹೋಗಿತ್ತು. ಮತ್ತೆ ಅದೇ ಜೋಮು.

ಮೈಸೂರಿನ ಹುಡುಗಿ ತನ್ನ ಕಾರ್ಯಕ್ರಮದ ದಿನ ಮಧ್ಯಾಹ್ನದ ರೈಲಿಗೆ ಬಂದಳು. ಸೌಂಡ್ ಚೆಕ್‌ಗೆ ಮೊದಲೇ ಅವಳಿಗೆ ವಿಷಯ ಹೇಳಿದೆ. ಗಿಟಾರಿನ ತಂತಿ ಬಿಗಿ ಮಾಡುತ್ತ ಕೇಳಿಸಿಕೊಂಡಳು. ಆಮೇಲೆ, ಹಾಗಿದ್ದರೆ ಜನರಿಗೆ ಹೇಗೆ ಕೇಳುತ್ತದೆ ಎಂದು ನಿಮಗೆ ಹೇಗೆ ತಿಳಿಯುತ್ತದೆ ಎಂದು ಕೇಳಿದಳು. ಸಿಟ್ಟಿನಿಂದಲ್ಲ, ತಿಳಿದುಕೊಳ್ಳಲಿಕ್ಕೆ. ಜನರನ್ನೇ ಕೇಳಬೇಕಷ್ಟೆ ಎಂದೆ.

ಕೇಳಿದೆ. ಇಪ್ಪತ್ತೆಂಟು ವರ್ಷದಲ್ಲಿ ನಾನು ಮೈಕಿನಲ್ಲಿ ಒಂದು, ಎರಡು, ಮೂರು ಬಿಟ್ಟು ಬೇರೆ ಎಂತದೂ ಹೇಳಿದವನಲ್ಲ. ಜನ ಬಂದು ಕೂತ ಮೇಲೆ ಅವಳಿಗಿಂತ ಮೊದಲು ನಾನು ಮೈಕಿನ ಮುಂದೆ ನಿಂತೆ.

"ನನ್ನ ಬಲಗಿವಿ ಹೋಗ್ಯದೆ, ಇನ್ನು ಬರೂದಿಲ್ಲ," ಅಂದೆ. "ನಿಮಗೆಲ್ಲ ಗೊತ್ತದೆ. ಇವತ್ತು ಬಲಗಡೆನೂ ಕೂತ್ಕಳಿ. ಸೌಂಡ್ ಜಾಸ್ತಿ ಆದ್ರೆ ಕೈ ಎತ್ತಿ, ಸರಿ ಆದ್ಮೇಲೆ ಇಳಿಸಿ. ಕಡೆಗೆ ಚಲೋ ಆತು ಅನ್ನೂಕೆ ಯಾರೂ ಬರಬೇಡಿ."

ಮಾವಳ್ಳಿಯ ಹೆಂಗಸರಲ್ಲಿ ಇಬ್ಬರು ಎದ್ದು ಬಲಗಡೆಗೆ ಬಂದರು. ಭಟ್ಕಳದ ಹುಡುಗರು ಅವರ ಹಿಂದೆ ಬಂದು ಕೂತರು. ನಾನು ಮಿಕ್ಸರಿನ ಹತ್ತಿರ ಹೋಗಿ ಎಂದಿನ ಹಾಗೆ ಇಟ್ಟೆ. ಮೊದಲ ಹಾಡು ಪೂರ್ತಿ ಮುಗಿಯಿತು, ಒಂದು ಕೈಯೂ ಏಳಲಿಲ್ಲ. ನಮ್ಮವರನ್ನು ನಾನು ಬಲ್ಲೆ, ತಲೆ ಸಿಡಿದರೂ ಎತ್ತುವುದಿಲ್ಲ ಎಂದುಕೊಂಡೆ.

ಎರಡನೇ ಹಾಡಿನ ನಡುವೆ ಸಂತೆಗುಳಿಯವರು ಕಿವಿಯಿಂದ ಹತ್ತಿ ತೆಗೆದರು. ಅದನ್ನು ಅಂಗಿಯ ಕಿಸೆಗೆ ಹಾಕಿಕೊಂಡರು. ಹಿಂದೆ ತಿರುಗದೆ ಬಲಗೈಯನ್ನು ಭುಜದ ತನಕ, ನಾಚಿಕೆಯಿಂದ, ಎತ್ತಿದರು. ನಾನು ಬಲಗಡೆಯ ಪೆಟ್ಟಿಗೆಯನ್ನು ಇಳಿಸಿದೆ. ಕೈ ಇಳಿಯಲಿಲ್ಲ. ಇನ್ನೂ ಇಳಿಸಿದೆ. ಭಟ್ಕಳದ ಒಬ್ಬ ಹುಡುಗ ಎತ್ತಿದ, ಆಮೇಲೆ ಅಕ್ಕೋರು. ಆಮೇಲೆ ಎಡಗಡೆಯಲ್ಲೂ ಕೈಗಳು ಎದ್ದವು. ನಾನು ತಪ್ಪು ಮಾಡಿದ್ದು ಬರೇ ಬಲಗಡೆ ಎಂದುಕೊಂಡಿದ್ದೆ. ಅಲ್ಲ, ಎಡಗಿವಿಯೂ ಮಂದವಾಗಿದ್ದು ತಿಳಿಯದೆ ಎಲ್ಲವನ್ನೂ ಏರಿಸಿಟ್ಟಿದ್ದೆ. ಹೆಂಡತಿಯ ಕೈಯೂ ಮೇಲಿತ್ತು.

ಮಿಕ್ಸರಿನಲ್ಲಿ ಒಂದೊಂದು ಗೆರೆಯಾಗಿ ಇಳಿಸುತ್ತ ಬಂದೆ. ಕೈಗಳೂ ಒಂದೊಂದಾಗಿ ಇಳಿದವು. ಕೊನೆಯ ಕೈ ಇಳಿದಾಗ ಜನರ ಭುಜಗಳು ಸಡಿಲವಾದದ್ದು ಹಿಂದಿನಿಂದ ನನಗೆ ಕಂಡಿತು. ಸಂತೆಗುಳಿಯವರು ಕುರ್ಚಿಗೆ ಒರಗಿ ಕಣ್ಣು ಮುಚ್ಚಿದರು. ಎಂಬತ್ತು ಜನ ಅವಳ ಹಾಡು ಕೇಳುತ್ತಿದ್ದರು.

ನನಗೆ ಕೇಳುತ್ತಿರಲಿಲ್ಲ. ತಂತಿಯ ಸಣ್ಣ ಸದ್ದು ಒಂದು ಬರುತ್ತಿತ್ತು, ಅವಳ ತುಟಿ ಅಲುಗುತ್ತಿತ್ತು, ಮಾತು ಒಂದೂ ಮುಟ್ಟುತ್ತಿರಲಿಲ್ಲ. ಒಂದು ಗೆರೆ ಏರಿಸಿದ್ದರೆ ಮುಟ್ಟುತ್ತಿತ್ತು. ಬೆರಳು ಅಲ್ಲೇ ಇತ್ತು. ಹೋದದ್ದು ಏನು ಎಂಬುದು ಮಂಗಳೂರಿನಲ್ಲಿ ತಿಳಿದಿರಲಿಲ್ಲ, ಈಗ ತಿಳಿಯಿತು. ಬೆರಳು ತೆಗೆದು ಕೈಯನ್ನು ತೊಡೆಯ ಮೇಲೆ ಇಟ್ಟುಕೊಂಡೆ, ಆ ಹಾಡು ಮುಗಿಯುವ ತನಕ ಅಳುತ್ತ ಕೂತೆ.